ಹಲ್ಲಿ ನುಡಿದದ್ದು

ಜೂನ್ ೧೪, ಶನಿವಾರ

ಆ ಸದ್ದು ಇನ್ನೂ ಕಿವಿ ಬಿಟ್ಟಿಲ್ಲ.

ನಾನು ಸಾಕಿದ ಲೆಪರ್ಡ್ ಗೆಕ್ಕೊ ಹಲ್ಲಿಯ ಎರಡು ಹೊಸ ಮರಿಗಳಿಗೆ ಇವತ್ತು ಬೇರೆ ಬೇರೆ ಡಬ್ಬಿ ಮಾಡಿದೆ. ಟಿಶ್ಯೂ ಹಾಸಿ, ಬಾಟಲಿ ಮುಚ್ಚಳದಲ್ಲಿ ನೀರಿಟ್ಟು, ಅಡಗಲು ಒಡೆದ ಕುಡಿಕೆ ಬೋರಲು ಹಾಕಿದೆ.

ಹೋದ ವರ್ಷದ ಮರಿಗಳನ್ನು ಒಂದೇ ಡಬ್ಬಿಯಲ್ಲಿ ಬಿಟ್ಟಿದ್ದೆ. “ಕಚ್ಚ್ಯಾಡೂದಿಲ್ಲೇನ?” ಎಂದು ಆಗ ಅಜ್ಜಿ ಕೇಳಿದ್ದಳು. “ಏನೂ ಆಗೂದಿಲ್ಲ ಅಜ್ಜಿ” ಎಂದೆ. ಆಗಲೇ ಲೊಚ್ ಎಂದು ಸದ್ದಾಯಿತು. ಗೋಡೆಯ ಹಲ್ಲಿ ನುಡಿಯಿತೆಂದು ಅಜ್ಜಿ ನೆಲಕ್ಕೆ ಬೆರಳು ಬಡಿದು, “ಕೃಷ್ಣ ಕೃಷ್ಣ, ಖರೇ ಅದ” ಎಂದಳು. ನಾನೂ ನಗುತ್ತ ಬಡಿದೆ.

ಆವತ್ತು ಕೂಗಿದ್ದು ಗೋಡೆಯ ಹಲ್ಲಿಯಲ್ಲ, ಡಬ್ಬಿಯೊಳಗಿನ ಚಿಕ್ಕ ಮರಿ. ಮರುದಿನ ಬೆಳಿಗ್ಗೆ ನೋಡಿದಾಗ ಅದು ಸತ್ತಿತ್ತು. ಬಾಲವಿರಲಿಲ್ಲ.

ಇವತ್ತು ಸಂಜೆ ಗೋಡೆಯ ಹಲ್ಲಿಯೇ ಲೊಚಗುಟ್ಟಿತು. ಅಜ್ಜಿಯ ಬೆರಳು ನೆಲದವರೆಗೆ ಹೋಗಿ ನಿಂತಿತು.

“ಸುರಭಿ, ಮೊದಲ ಹೋಗಿ ಡಬ್ಬಿ ನೋಡು” ಎಂದಳು.