ತಿಂದಷ್ಟು ಅಸಲಿಗೆ

ನಿಟ್ಟುವಳ್ಳಿ, ದಾವಣಗೆರೆ
ಭಾನುವಾರ, 12 ಜನವರಿ 2025

ಪ್ರೀತಿಯ ಮಲ್ಲೇಶಪ್ಪ,

ನಿನಗೂ ದುರುಗಕ್ಕನಿಗೂ ಈ ಖುದ್ದೂಸ್‌ನ ಸಲಾಂ. ನನ್ನ ಮೈಗೇನೂ ಆಗಿಲ್ಲ, ಗಟ್ಟಿಯಾಗಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಹರಿಹರದ ಹೊಳೆಗಾಳಿಗೆ ಚಳಿಗಾಲದಲ್ಲಿ ಜಾಸ್ತಿಯಾಗುತ್ತದೆ ಅಂತ ಹೋದ ಸಲ ಸಿಕ್ಕಾಗ ಗೊಣಗುತ್ತಿದ್ದೆ.

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನೀನು ಫೋನ್ ಮಾಡಿ, "ಯಾವಾಗ ಹೊಂಡ್ತೀರೋ ಹಜ್‌ಗೆ? ಹಾರ ತಗಂಡು ಬರಾಕ ನಾವು ರೆಡಿ ಅದೀವಿ, ತಾರೀಕು ಹೇಳೋ" ಅಂದಾಗ ನಾನು ಫೋನ್ ಇಟ್ಟುಬಿಟ್ಟೆ. ಸಿಗ್ನಲ್ ಹೋಯಿತು ಅಂತ ಆಮೇಲೆ ಮೆಸೇಜು ಹಾಕಿದ್ದು ಸುಳ್ಳು. ನೀನು ಮತ್ತೆ ಮತ್ತೆ ಮಾಡಿದರೂ ಎತ್ತಲಿಲ್ಲ. ನಿನ್ನ ದನಿ ಕೇಳಿದರೆ ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಅತ್ತುಬಿಡುತ್ತೇನೆ ಅಂತ ಹೆದರಿಕೆ. ಆಟೋ ಸೀಟು ಹೊಲಿಸಲು ಬಂದವರಿಗೆ ಮುದುಕನ ಅಳು ಯಾಕೆ ಬೇಕು? ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಹೈಸ್ಕೂಲಿನಲ್ಲಿ ಮೇಷ್ಟ್ರು ನನ್ನ ಅಕ್ಷರ ನೋಡಿ ಕೋಳಿ ಕೆದರಿದ ಹಾಗಿದೆ ಅನ್ನುತ್ತಿದ್ದರಲ್ಲ, ಈಗಲೂ ಹಾಗೆಯೇ ಇದೆ. ಕನ್ನಡಕ ಹಾಕಿಕೊಂಡು ಓದು.

ನಾವು ಹಜ್‌ಗೆ ಹೋಗುತ್ತಿಲ್ಲ, ಮಲ್ಲೇಶಿ. ಹಜ್ ಕಮಿಟಿಯವರು ಎತ್ತುವ ಲಾಟರಿಯಲ್ಲಿ ಬಂದಿದ್ದ ಗಂಡ ಹೆಂಡತಿ ಇಬ್ಬರ ಹೆಸರನ್ನೂ ನಾನೇ ಹೋಗಿ ವಾಪಸ್ ತೆಗೆಸಿದೆ. ಯಾಕೆ ಅಂತ ಹೇಳಬೇಕಾದರೆ ಮನೆ ಸಾಲದಿಂದಲೇ ಶುರುಮಾಡಬೇಕು. ಅರ್ಧ ನಿನಗೆ ಗೊತ್ತಿರುವುದೇ. ಆದರೂ ಹೇಳುತ್ತೇನೆ, ಹೇಳಿದರೆ ನನಗೆ ಸ್ವಲ್ಪ ಹಗುರಾಗುತ್ತದೆ.

ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆ ಪಗಡ ಹೊತ್ತು ಸುಗ್ರಾಬಿಗೆ ಸಾಕಾಗಿಹೋಗಿತ್ತು. ನಮ್ಮ ಮಗಳು ಸಿಮ್ರಾನ್ ಮದುವೆಯಾಗಿ ರಾಣೆಬೆನ್ನೂರಿಗೆ ಹೋದ ವರ್ಷ ನಿಟ್ಟುವಳ್ಳಿಯ ಈ ಎರಡು ಕೋಣೆ ಮನೆ ಸಿಕ್ಕಿತು. ಬ್ಯಾಂಕು ಹದಿನೈದು ವರ್ಷಕ್ಕೆ ಸಾಲ ಕೊಡಲು ಒಪ್ಪಿತು. ನಮ್ಮ ಧರ್ಮದಲ್ಲಿ ಬಡ್ಡಿ ಸಲ್ಲದು, ಬಡ್ಡಿ ಸಾಲ ಅಂತ ಅವಳಿಗೆ ಸಂಕಟ. ಒಂದು ವಾರ ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಕಡೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು. ಪೂರ್ತಿ ತೀರಿಸಿಯೇ ಇಬ್ಬರೂ ಮಕ್ಕಾಕ್ಕೆ ಹೋಗಬೇಕು, ಸಾಲ ಇಟ್ಟುಕೊಂಡು ಹೋಗಬಾರದು. ಹಜ್‌ಗೆ ಹೊರಡುವವರು ಯಾರ ಬಾಕಿಯನ್ನೂ ಉಳಿಸಿಕೊಳ್ಳದೆ, ಕಂಡವರ ಹತ್ತಿರವೆಲ್ಲ ಮಾಫಿ ಕೇಳಿ ಹೊರಡುತ್ತಾರೆ, ನೀನು ನೋಡಿದ್ದೀಯ. "ಹದಿನೈದು ವರ್ಷ ಆದ್ಮೇಲೆ ನಮಗೆ ನಡೆಯೋಕೆ ಕಾಲೆಲ್ಲಿರ್ತಾವೆ?" ಅಂದೆ. "ಹಂಗಾದ್ರೆ ಬೇಗ ತೀರಿಸೋಣ" ಅಂದಳು.

ಇದೆಲ್ಲ ಉರ್ದುವಿನಲ್ಲಿ ಆಡಿದ ಮಾತು, ನಿನಗಾಗಿ ಕನ್ನಡ ಮಾಡಿದ್ದೇನೆ. ಮನೆಯೊಳಗೆ ಅವಳು ನನ್ನ ಜೊತೆ ಒಂದು ದಿನವೂ ಕನ್ನಡ ಆಡಿದವಳಲ್ಲ. ಅವಳ ಕನ್ನಡ ಏನಿದ್ದರೂ ಸೊಪ್ಪು ಮಾರುವವಳಿಗೆ, ಬ್ಯಾಂಕಿನವರಿಗೆ, ನಿಮ್ಮಿಬ್ಬರಿಗೆ.

ಬೇಗ ತೀರಿಸುವ ದಾರಿ ತೋರಿಸಿದವನು ನೀನೇ. ನೀನು ಆಗಿನ್ನೂ ಹರಿಹರದ ಸಾಲದ ಸೊಸೈಟಿಯಲ್ಲಿ ಕೆಲಸದಲ್ಲಿದ್ದೆ. ಅವಳು ಬ್ಯಾಂಕಿನ ಹಾಳೆ ಹಿಡಿದು, ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿ ಬಂದಿದ್ದಳು. ನೀನು ಹಾಳೆ ನೋಡಿ ಹೇಳಿದ್ದು ನನಗೆ ಈಗಲೂ ನೆನಪಿದೆ. "ನೋಡ್ರಿ ತಂಗಿ, ಈಗ ನೀವು ಕಟ್ಟೋ ಕಂತಿನಾಗ ಹೆಚ್ಚು ಪಾಲು ಬಡ್ಡಿಗೇ ಹೋಗ್ತೈತೆ. ಅಸಲು ಅಲ್ಲೇ ಕುಂತಿರ್ತೈತೆ. ಕೈಯಾಗ ನಾಕು ಕಾಸು ಜಾಸ್ತಿ ಬಂದಾಗ ತಗಂಡೋಗಿ ಕಟ್ರಿ. ಆದ್ರೆ ಅಸಲಿಗೆ ಅಂತ ಬಾಯಿಬಿಟ್ಟು ಹೇಳಿ ಕಟ್ರಿ, ಇಲ್ದಿದ್ರೆ ಮುಂದಿನ ತಿಂಗಳ ಕಂತಿಗೆ ಹಾಕ್ಕಂತಾರೆ." ಅವತ್ತಿನಿಂದ ನಮ್ಮ ಮನೆಯಲ್ಲಿ ಉಪ್ಪು ಸಕ್ಕರೆಗಿಂತ ಅಸಲು ಅನ್ನುವ ಮಾತನ್ನೇ ಹೆಚ್ಚು ಆಡಿದ್ದು.

ನನ್ನ ಕುಷನ್ ಅಂಗಡಿಯ ದುಡ್ಡು ಕಂತಿಗೆ. ಅವಳು ಸೀರೆಗಳಿಗೆ ಕುಚ್ಚು ಕಟ್ಟಿ ದುಡಿದಿದ್ದು ಅಸಲಿಗೆ. ಪ್ರತಿ ತಿಂಗಳೂ ತಾನೇ ಹೋಗಿ ಕಟ್ಟುತ್ತಿದ್ದಳು. ಸಾಲದ ಮೇಜಿನಲ್ಲಿ ಕೂರುತ್ತಿದ್ದ ನಿಂಗರಾಜ್ ಅನ್ನುವ ಹುಡುಗ, ಒಳ್ಳೆಯವನು, "ಬಂದ್ರಾ ಅಸಲಮ್ಮಾರೆ, ಕೂಡ್ರಿ" ಅಂತ ನಗಿಸುತ್ತಿದ್ದ. ಒಮ್ಮೆ ಅವನು, "ಹಿಂಗೆ ಜಾಸ್ತಿ ಕಟ್ಟಿದ್ದಕ್ಕೆ ನಿಮ್ಮ ಕಂತು ಕಮ್ಮಿ ಮಾಡ್ಲಾ, ವರ್ಷ ಕಮ್ಮಿ ಮಾಡ್ಲಾ?" ಅಂತ ಕೇಳಿದನಂತೆ. "ವರ್ಷ ಕಮ್ಮಿ ಮಾಡ್ರಿ ಸಾರ್, ಕಂತು ಹಂಗೇ ಇರ್ಲಿ. ನಮಗೇನು ವಯಸ್ಸು ನಿಂತಿರ್ತೈತಾ?" ಅಂದು ಬಂದಿದ್ದಳು.

ಬೆಣ್ಣೆದೋಸೆಯ ಕತೆ ನಿನಗೆ ಹೇಳಿಲ್ಲ ಅನಿಸುತ್ತದೆ. ಒಂದು ಸಂಜೆ ಆಸೆ ತಡೆಯದೆ ಹೋಟೆಲಿಗೆ ನುಗ್ಗಿ ತಿಂದು, ಸೋಪು ಹಾಕಿ ಕೈ ತೊಳೆದು, ಸಾಧುವಿನ ಹಾಗೆ ಮನೆಗೆ ಬಂದೆ. ಅವಳು ನನ್ನ ಕೈ ಹಿಡಿದು ಮೂಸಿದಳು! ಬಯ್ಯಲಿಲ್ಲ. "ತಿನ್ನಿ, ಬೇಡ ಅನ್ನಲ್ಲ. ತಿಂದಷ್ಟೇ ದುಡ್ಡು ಅಸಲಿಗೂ ಕೊಡಿ" ಅಂತ ಅಂಗೈ ಚಾಚಿದಳು. ಅಲ್ಲಿಂದ ಅದೇ ಕಾನೂನಾಯಿತು. ಮಂಡಕ್ಕಿ ಮೆಣಸಿನಕಾಯಿ ತಿಂದರೂ ಅಷ್ಟೇ, ಹಬ್ಬಕ್ಕೆ ಒಳ್ಳೆ ಅಂಗಿ ತಗೊಂಡರೂ ಅಷ್ಟೇ, ಒಂದಕ್ಕೆ ಎರಡು ಬೀಳುತ್ತಿತ್ತು. ಕೊನೆಗೆ ದೋಸೆಯನ್ನೇ ಬಿಟ್ಟೆ. ಇನ್ನು ಗೋಡೆಗೆ ಒಂದು ಮೊಳೆ ಹೊಡೆಯಲೂ ಬಿಡುತ್ತಿರಲಿಲ್ಲ. "ಇದು ಬ್ಯಾಂಕಿನ ಗೋಡೆ, ನಮ್ದಾದ ದಿನ ಹೊಡೀರಿ" ಅನ್ನುತ್ತಿದ್ದಳು. ಕ್ಯಾಲೆಂಡರನ್ನು ಕಿಟಕಿ ಸರಳಿಗೆ ಕಟ್ಟಿದ್ದೆವು, ನೀನು ನೋಡಿ ನಕ್ಕಿದ್ದೆ.

ನಡುವೆ ಒಮ್ಮೆ ಸಿಮ್ರಾನ್ ಅತ್ತೆ ಮಾವ ಉಮ್ರಾಕ್ಕೆ, ಅಂದರೆ ಮಕ್ಕಾದ ಚಿಕ್ಕ ಯಾತ್ರೆಗೆ, ಹೊರಟಾಗ ನಮ್ಮನ್ನೂ ಕರೆದರು. ಖರ್ಚು ತಾವೇ ನೋಡಿಕೊಳ್ಳುತ್ತೇವೆ ಅಂದರು. ನಾನು ಮೌಲ್ವಿಗಳನ್ನು ಕೇಳಿದೆ. ಕಂತು ಸರಿಯಾಗಿ ಕಟ್ಟುತ್ತಿದ್ದರೆ ಹೋಗಬಹುದು, ಅಡ್ಡಿಯಿಲ್ಲ ಅಂದರು. ಓಡಿ ಬಂದು ಹೇಳಿದರೆ ಇವಳು, "ಸಾಲ ಇರೋದು ಮೌಲ್ವಿಗಳ ಹೆಸರಲ್ಲಲ್ಲ, ನಮ್ಮ ಹೆಸರಲ್ಲಿ" ಅಂತ ಕುಚ್ಚು ಕಟ್ಟುತ್ತ ಕೂತಳು. ಆಗ ಅವಳಿಗೆ ಎಲ್ಲವೂ ನೆನಪಿತ್ತು. ಆಗಲೇ ಹಟ ಮಾಡಿ ಕರೆದುಕೊಂಡು ಹೋಗಬೇಕಿತ್ತು ಮಲ್ಲೇಶಿ.

ಹದಿನೈದು ವರ್ಷದ ಸಾಲ ಎಂಟಕ್ಕೇ ಮುಗಿಯಿತು. ಬ್ಯಾಂಕಿನಿಂದ ಮನೆ ಪತ್ರ ಬಿಡಿಸಿಕೊಂಡು ಆಟೋದಲ್ಲಿ ಬರುವಾಗ ಅವಳು ಅದನ್ನು ಮೊಮ್ಮಗುವನ್ನು ಹಿಡಿದ ಹಾಗೆ ಎದೆಗೆ ಅವುಚಿಕೊಂಡಿದ್ದಳು. ಮನೆಗೆ ಬಂದವಳೇ ಸುತ್ತಿಗೆ ತಂದು ನನ್ನ ಕೈಗೆ ಕೊಟ್ಟಳು. ಮೊಳೆ ಹೊಡೆದೆ. ಕಾಬಾದ ಚಿತ್ರ ತೂಗುಹಾಕಿದೆವು. ಪಾಯಸ ಮಾಡಿ ಓಣಿಗೆಲ್ಲ ಹಂಚಿ, ಮಾರನೆಯ ದಿನ ಡಬ್ಬಿ ಕಟ್ಟಿಕೊಂಡು ನಿಮ್ಮಲ್ಲಿಗೂ ಬಂದಿದ್ದೆವು. ದುರುಗಕ್ಕನ ಕೈ ಹಿಡಿದು, "ಇನ್ನು ಹಜ್‌ಗೆ ದುಡ್ಡು ಕೂಡಿಸಾದೊಂದೇ ಅಕ್ಕ. ಹೋಗಾಕ ಮುಂಚೆ ಬಂದು ನಿಮ್ಮ ಹತ್ರ ಮಾಫಿ ಕೇಳ್ತೀನಿ" ಅಂದಿದ್ದಳು. ಅದೇ ಕಂತಿನ ದುಡ್ಡನ್ನು ಅದೇ ತಾರೀಕಿಗೆ ಹಜ್‌ಗೆ ಅಂತ ಎತ್ತಿಡುತ್ತ ಹೋದೆವು.

ಹೋದ ವರ್ಷ ಕುಚ್ಚಿನ ಗಂಟು ಅವಳ ಕೈ ತಪ್ಪತೊಡಗಿತು. ಒಂದು ಸೀರೆಯ ಸೆರಗಿಗೆ ಅರ್ಧ ಕಟ್ಟಿ, ಉಳಿದರ್ಧ ಹೇಗೆ ಅಂತ ನನ್ನನ್ನು ಕೇಳಿದಳು. ಒಲೆ ಮೇಲೆ ಹಾಲಿಟ್ಟು ಮರೆತಳು. ವಯಸ್ಸು ಅಂದುಕೊಂಡೆ. ಆಮೇಲೆ ನಮ್ಮ ಓಣಿಯೊಳಗೇ ಮನೆ ತಪ್ಪಿ, ಹುಸೇನ್ ಸಾಬರ ಮನೆ ಬಾಗಿಲಲ್ಲಿ ಬೀಗದ ಕೈ ಹಿಡಿದು ನಿಂತಿದ್ದಳು. ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿ, ಇದು ಮರೆವಿನ ಕಾಯಿಲೆ, ಹೊಸದು ಮೊದಲು ಹೋಗುತ್ತದೆ, ಹಳೆಯದು ಆಮೇಲೆ ಹೋಗುತ್ತದೆ ಅಂದರು. ಸಾಲ ತೀರಿದ್ದು ಹೊಸದು, ಅದು ಹೋಯಿತು. ಸಾಲ ಇರುವುದು ಹಳೆಯದು, ಅದು ಗಟ್ಟಿಯಾಗಿ ಕೂತಿದೆ.

ಅಷ್ಟರಲ್ಲಿ ಹಜ್‌ನ ಲಾಟರಿಯಲ್ಲಿ ನಮ್ಮ ಹೆಸರು ಬಂತು. ಹೇಳಿದರೆ, "ಸಾಲ ಇಟ್ಕೊಂಡು ಹೆಂಗೆ ಹೋಗೋದು?" ಅಂದಳು. ಮನೆ ಪತ್ರ ತಂದು ತೋರಿಸಿ, ತೀರಿತು ಸುಗ್ರಾ, ಎಲ್ಲ ತೀರಿತು ಅಂದೆ. ನನ್ನ ಮುಖ ನೋಡಿದಳು. "ನೀವು ಹೇಳಿದ್ರೆ ಸರಿ" ಅಂತ ಎದ್ದು ಹೋಗಿ ದೇವರಿಗೆ ಕೃತಜ್ಞತೆಯ ಶುಕರಾನೆ ನಮಾಜು ಮಾಡಿದಳು, ಅತ್ತಳು, ನಕ್ಕಳು. ಮರುದಿನ ಬೆಳಿಗ್ಗೆ ಗೋಡೆ ನೋಡಿ, "ಬ್ಯಾಂಕಿನ ಗೋಡೆಗೆ ಯಾರು ಮೊಳೆ ಹೊಡೆದಿದ್ದು?" ಅಂತ ಜಗಳಕ್ಕೆ ನಿಂತಳು. ಮತ್ತೆ ಹೇಳಿದೆ, ಮತ್ತೆ ಅಷ್ಟೇ ಖುಷಿ. ಸುಳ್ಳು ಯಾಕೆ ಹೇಳಲಿ, ಮೊದಮೊದಲು ನನಗೂ ಅದು ಚೆನ್ನಾಗಿತ್ತು. ಒಂದೇ ಸಾಲವನ್ನು ದಿನಾ ಬೆಳಿಗ್ಗೆ ತೀರಿಸುವ ಭಾಗ್ಯ ಯಾರಿಗುಂಟು?

ಆದರೆ ಹಜ್‌ನ ಕಾಗದಪತ್ರ ಕೊಡಲು ಹೋದ ದಿನ, ಅಷ್ಟು ಜನರ ನಡುವೆ ಎದ್ದು ನಿಂತು, "ನಮ್ಮ ಹೆಸರು ಹೊಡೆದು ಹಾಕ್ರಿ, ನಮಗೆ ಸಾಲ ಐತೆ" ಅಂತ ಅಳತೊಡಗಿದಳು. ಪಕ್ಕದ ಹೆಂಗಸರು ಸಮಾಧಾನ ಮಾಡಿದರು, ಕೇಳಲಿಲ್ಲ. ಗಾಲಿಕುರ್ಚಿಯಲ್ಲಾದರೂ ಕರೆದುಕೊಂಡು ಹೋಗೋಣ ಅಂತ ಸಿಮ್ರಾನ್ ಅಂದಳು. ನನಗೆ ಧೈರ್ಯ ಬರಲಿಲ್ಲ. ಅಷ್ಟು ವರ್ಷ ಕನಸು ಕಂಡ ಜಾಗದಲ್ಲಿ ನಿಂತು, ಸಾಲ ಇಟ್ಟುಕೊಂಡು ಬಂದುಬಿಟ್ಟೆನಲ್ಲಾ ಅಂತ ಅವಳು ಅತ್ತರೆ ನಾನು ಎಲ್ಲಿಗೆ ಹೋಗಲಿ? ಅದಕ್ಕೇ ಹೆಸರು ತೆಗೆಸಿದೆ. ನಾನೊಬ್ಬನೇ ಹೋಗುವ ಮಾತು ನೀನೂ ಆಡಬೇಡ.

ಒಂದು ಸಮಾಧಾನ ಉಳಿದಿದೆ. ಏನು ಮರೆತರೂ, ನಾನು ಹೇಳಿದ್ದನ್ನು ನಂಬುತ್ತಾಳೆ. ಅದನ್ನೇ ಹಿಡಿದುಕೊಂಡಿದ್ದೇನೆ.

ನೀನು, ದುರುಗಕ್ಕ ಒಂದು ದಿನ ಬಂದು ಹೋಗಿ. ಹಾರ ತರಬೇಡಿ. ಅವಳು ಅಕ್ಕನ ಕೈ ಹಿಡಿದು ಮಾಫಿ ಕೇಳಿದರೆ, ಮಾಡಿದೆ ತಂಗಿ ಅಂದುಬಿಡಲು ಹೇಳು. ನಿನ್ನ ಮಕ್ಕಳು ಮೊಮ್ಮಕ್ಕಳಿಗೆ ನನ್ನ ದುವಾ. ಅಲ್ಲಾಹ್ ನಿಮ್ಮಿಬ್ಬರನ್ನೂ ಒಬ್ಬರಿಗೊಬ್ಬರು ನೆನಪಿರುವ ಹಾಗೆ ಇಟ್ಟಿರಲಿ.

ನಿನ್ನ
ಖುದ್ದೂಸ್

ಮತ್ತೆ ಬರೆದದ್ದು: ಕಾಗದ ಮಡಚಿ ಕವರಿಗೆ ಹಾಕಿದ್ದೆ, ತೆಗೆದೆ. ನಿನಗಲ್ಲದೆ ಇದನ್ನು ಇನ್ಯಾರಿಗೆ ಹೇಳಲಿ?

ಮೊನ್ನೆ ಶುಕ್ರವಾರ ಸಿಮ್ರಾನ್ ಬಂದಿದ್ದಳು, ಅವಳನ್ನು ತಾಯಿ ಹತ್ತಿರ ಬಿಟ್ಟು ಜುಮ್ಮಾ ನಮಾಜಿಗೆ ಹೋಗಿ ಬಂದೆ. ಸಿಮ್ರಾನ್ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಬಾಗಿಲು ತೆರೆದ ಸುಗ್ರಾಬಿ ನನ್ನನ್ನು ನೋಡಿ ಸೆರಗನ್ನು ತಲೆ ಮೇಲೆ ಎಳೆದುಕೊಂಡು ಪಕ್ಕಕ್ಕೆ ಸರಿದಳು. "ಬರ್ರಿ ಸಾರ್, ಕೂಡ್ರಿ" ಅಂದಳು. ಕನ್ನಡದಲ್ಲಿ.

ನಾನು ಹೋಗಿ ಕುರ್ಚಿ ಮೇಲೆ ಕೂತೆ. ನೆಂಟರಿಗೆ ಅಂತ ಎತ್ತಿಟ್ಟ ಕಪ್ಪಿನಲ್ಲಿ ಚಹಾ ತಂದಿಟ್ಟು, ದೂರ ಗೋಡೆಗೆ ಒರಗಿ ನಿಂತಳು. "ಬ್ಯಾಂಕಿಂದ ಬಂದೀರಿ ಅಂತ ಗೊತ್ತಾತು. ಈ ತಿಂಗಳು ಕಟ್ಟಾಕ ಆಗಿಲ್ಲ, ಸಿಟ್ಟಾಗಬ್ಯಾಡ್ರಿ. ನಮ್ಮ ಯಜಮಾನ್ರು ಯಾರದೂ ಒಂದು ರೂಪಾಯಿ ಇಟ್ಕಳೋರಲ್ಲ. ಬೆಣ್ಣೆದೋಸೆ ಅಂದ್ರೆ ಜೀವ ಬಿಡ್ತಾರೆ, ಅದನ್ನೂ ಬಿಟ್ಟಾರೆ ಪಾಪ. ಸಾಲ ತೀರಿದ ದಿನ ಹೊಟ್ಟೆ ತುಂಬ ತಿನ್ನಿಸ್ಬೇಕು ಅಂತ ನಾನು ಬ್ಯಾರೆ ದುಡ್ಡು ತೆಗೆದಿಟ್ಟೀನಿ. ಅವರಿಗೆ ಹೇಳಬ್ಯಾಡ್ರಿ ಮತ್ತೆ."

"ನಿಮ್ಮ ಸಾಲ ಪೂರ್ತಿ ತೀರೈತಮ್ಮಾ" ಅಂದೆ. ನಾನೂ ಕನ್ನಡದಲ್ಲೇ ಅಂದೆ, ಇನ್ನೇನು ಮಾಡಲಿ. "ನೀವಿಬ್ರೂ ಹಜ್‌ಗೆ ಹೋಗಬಹುದು."

ಅವಳ ಮುಖ ಅರಳಿತು. ಆಮೇಲೆ ತಲೆ ಅಲ್ಲಾಡಿಸಿದಳು. "ನಿಮ್ಮ ಬಾಯಿಗೆ ಸಕ್ಕರೆ ಬೀಳ್ಲಿ ಸಾರ್. ಆದ್ರೆ ಹೊರಗಿನೋರ ಮಾತು ಹೆಂಗೆ ನಂಬಲಿ? ನಮ್ಮೋರು ಬಂದು ಹೇಳಿದ್ರೆ ನಂಬ್ತೀನಿ. ನಮಾಜಿಗೆ ಹೋಗ್ಯಾರೆ, ಇನ್ನೇನು ಬರ್ತಾರೆ. ಕೂಡ್ರಿ."

ನಾನು ಕೂತೇ ಇದ್ದೆ, ಮಲ್ಲೇಶಿ. ಚಹಾ ಆರಿಹೋಯಿತು. ಅವಳು ಬಾಗಿಲಲ್ಲಿ ನಿಂತು, ಬೀದಿಯ ಕಡೆ ಕಣ್ಣು ಹಾಕಿ, ನನ್ನ ದಾರಿ ಕಾಯುತ್ತಿದ್ದಳು.