ಹೆನ್ರಿ ಬಾರ್ಟನ್‌ನ ಬಂದೂಕು

ವಲಾಂಡಿಯ ಮನೆಯ ಪಡಸಾಲೆಯಲ್ಲಿ ಇನ್ನೂ ಕೂತಿದ್ದೀಯೆಂದೇ ಅನಿಸುವ ನನ್ನ ಮುತ್ಯಾಗೆ,

ನೀನು ಉದಗೀರದ ಠಾಣೆಯಿಂದ ಬಂದೂಕು ಬಿಡಿಸಿಕೊಂಡು ಬಂದ ದಿನ ನೆನಪಿದೆಯೇ? ನಿಜಾಮನ ಮೇಲೆ ಪೊಲೀಸ್ ಆ್ಯಕ್ಷನ್ ಆದಾಗ ಒಪ್ಪಿಸಿದ್ದು, ಲೈಸೆನ್ಸ್ ಆದ ಮೇಲೆ ಮನೆಗೆ ಮರಳಿತ್ತು. ನಾನು ಹಾಸ್ಟೆಲ್‌ನಿಂದ ರಜೆಗೆ ಬಂದಿದ್ದೆ. ನೀನು ಧೋತರದ ತುದಿಯಿಂದ ನಳಿಗೆ ಒರೆಸಿ, "ಇಂಗ್ಲಿಷ್ ಸಾಲಿ ಕಲ್ತೀದಿ, ಇದನ್ನ ಮಾಡಿದಂವನ ಹೆಸರ ಓದು ನೋಡೂಣು" ಎಂದು ನನ್ನ ಮುಂದೆ ಹಿಡಿದೆ. ನಾನು ಹೆನ್ರಿ ಬಾರ್ಟನ್ ಎಂದು ಓದಿದೆ.

ದಸರೆಯ ಪೂಜೆಯಲ್ಲಿ ಕುಂಟೆ, ಕೂರಿಗೆಗಳಿಗೆ ವಿಭೂತಿ ಹಚ್ಚುವ ಮೊದಲು ಒಂದೊಂದನ್ನೂ ಮುಟ್ಟಿ, ಮಾಡಿದವರ ಹೆಸರು ಹೇಳುತ್ತಿದ್ದೆ ನೀನು. ಹೆಸರು ತಿಳಿಯದ ವಸ್ತುವಿಗೆ ಪೂಜೆಗಿಟ್ಟ ಸಾಲಿನಲ್ಲಿ ಜಾಗವಿರಲಿಲ್ಲ. ಆ ವರ್ಷ ಬಡಿಗೇರ ಮಾನಪ್ಪ, ಕಮ್ಮಾರ ಈರಣ್ಣ ಆದ ಮೇಲೆ ಮೊದಲ ಬಾರಿ ಹೆನ್ರಿ ಬಾರ್ಟನ್ ಸಾಹೇಬನ ಹೆಸರು ಬಂತು. ಊಟಕ್ಕೆ ಕೂತಾಗಲೂ ನಿನಗೆ ಅವನದೇ ಚಿಂತೆ. "ಪಾಪ, ಅಂವಗ ಮಕ್ಕಳು ಮರಿ ಅದಾವೋ ಇಲ್ಲೋ. ನಾವರ ನೆನಸ್ತೀವಲ್ಲ." ಸಾಹೇಬನಿಗೊಂದು ಹೋಳಿಗೆ ಕಳಿಸಬೇಕೇ ಎಂದು ಕಾಕಾ ಚೇಷ್ಟೆ ಮಾಡಿದ. ನೀನು ನಗಲಿಲ್ಲ.

ನೀನು ಹೋದ ಮೇಲೆ ನಾನು ಹೈದರಾಬಾದಿನ ಕಾಲೇಜು ಸೇರಿದೆ. ಫಸ್ಟ್ ಇಯರ್. ಕ್ಲಾಸಿನಲ್ಲಿ ನನ್ನ ಹೆಸರು ಕೂಗಿದರೂ ತಲೆ ತಗ್ಗಿಸಿಬಿಡುತ್ತೇನೆ. ರೂಮಿನಲ್ಲಿ ಎಲ್ಲರೂ ಮಾತಾಡುತ್ತಾರೆ, ಆದರೆ ನನ್ನೊಡನೆ… ಇರಲಿ. ಬಂದೂಕಿನ ಗುಂಡು ಸಿಡಿಸುವ ಘೋಡಾದ ಸ್ಪ್ರಿಂಗ್ ಮುರಿದಿದೆ, ಹೊಸದು ತಾ ಎಂದು ಕಾಕಾ ಹೇಳಿ ಕಳಿಸಿದ್ದ. ಬಂದೂಕಿನಂಗಡಿಗೆ ಹೋಗಿ ಬಾರ್ಟನ್ ಕಂಪನಿಯದು ಕೊಡಿ ಎಂದೆ. ಸೇಠ ನಕ್ಕುಬಿಟ್ಟ. ಅಂಥ ಕಂಪನಿಯೂ ಇಲ್ಲ, ಅಂಥ ಮನುಷ್ಯನೂ ಇಲ್ಲವಂತೆ. ಅಮೆರಿಕದ ಒಂದು ಕಾರ್ಖಾನೆ ಸಸ್ತಾ ದರದ ಬಂದೂಕು ಮಾಡುತ್ತಿತ್ತಂತೆ. ಕೊಳ್ಳುವ ವ್ಯಾಪಾರಿ ಕೇಳಿದ ಹೆಸರನ್ನು ನಳಿಗೆಯ ಮೇಲೆ ಒತ್ತಿ ಕೊಡುತ್ತಿತ್ತಂತೆ. ವಿಲಾಯತಿ ಉಸ್ತಾದನ ಕೆಲಸ ಎನಿಸಲೆಂದು ಯಾರೋ ಕಟ್ಟಿದ ಹೆಸರು ಬಾರ್ಟನ್. ಬೇರೆ ಬೇರೆ ಹೆಸರಿನ ಎರಡು ಬಂದೂಕು ತೆಗೆದು ತೋರಿಸಿದ. ಎರಡೂ ನಮ್ಮದರ ಹಾಗೇ ಇದ್ದವು. ಕಾಕಾ ಕೊಟ್ಟು ಕಳಿಸಿದ್ದ ಮುರಿದ ಸ್ಪ್ರಿಂಗಿನ ತುಂಡೂ ಅವುಗಳದಕ್ಕೆ ಸರಿಯಾಗಿ ಹೊಂದಿತು. ಇದನ್ನು ಯಾರಿಗೆ ಹೇಳಲಿ? ಕೇಳುವವನು ನೀನೊಬ್ಬನೇ ಇದ್ದೆ.

ಈ ದಸರೆಗೆ ಊರಿಗೆ ಹೋಗಿದ್ದೆ. "ಈ ಸಲ ಹೆಸರ ನೀನೇ ಹೇಳ್ಬೇಕಪಾ" ಎಂದ ಕಾಕಾ. ಮಾನಪ್ಪ, ಈರಣ್ಣ ಆದರು. ಬಂದೂಕಿನ ಮೇಲೆ ಕೈಯಿಟ್ಟೆ. ಇಲ್ಲದವನ ಹೆಸರು ಹೇಳಲೇ? ಹೇಳದಿದ್ದರೆ ನಿನ್ನ ಬಂದೂಕು ಸಾಲಿನಿಂದ ಏಳಬೇಕು. ಕೈ ಮೆಲ್ಲಗೆ ಹಿಂದೆ ಸರಿಯಿತು, ಭುಜಕ್ಕೆ ಆನಿಸುವ ಮರದ ಕುಂದಾದವರೆಗೆ. ಹಳೆಯದು ಒಡೆದಾಗ ಜಾಲಿಯ ಮರದಲ್ಲಿ ನೀನೇ ಕೆತ್ತಿ ಕೂಡಿಸಿದ್ದು. ಅಷ್ಟು ದಸರೆ ನೀನು ಅದನ್ನು ಮುಟ್ಟಿದೆ. ನಿನ್ನ ಹೆಸರನ್ನು ಮಾತ್ರ ಒಮ್ಮೆಯೂ ಹೇಳಲಿಲ್ಲವಲ್ಲ?

"ವಲಾಂಡಿ ಶರಣಪ್ಪ" ಎಂದೆ.

ಕಾಕಾ ತಲೆಯೆತ್ತಿದ. "ಮತ್ತ ಸಾಹೇಬ?" ಎಂದ. ಅವನ ಹೆಸರನ್ನೂ ಹೇಳಿದೆ, ಮುತ್ಯಾ. ಯಾರೂ ಇಲ್ಲದ ಅವನಿಗೆ ನೀನೊಬ್ಬ ಇದ್ದೆ. ನಾನು ಹೇಗೆ ಬಿಡಲಿ?

ಆದರೆ ನೀನು ಅಲ್ಲಿ ಅವನನ್ನು ಹುಡುಕುತ್ತ ತಿರುಗಬೇಡ. ಸಿಗುವುದಿಲ್ಲ. ನೆನೆಯುವುದಕ್ಕೆ ಇಲ್ಲಿ ನಾನಿದ್ದೇನೆ, ಅವನನ್ನೂ, ನಿನ್ನನ್ನೂ.