ಮುಧೋಳದ ಪಾಳಿಯಲ್ಲಿ ಪೊಮೇರಿಯನ್

ರೀ,

ಕಣ್ಣು ತೋರಿಸಿಕೊಂಡು ಬರಲು ಒಂಬತ್ತರ ಬಸ್ಸಿಗೆ ಶಹಾಪುರಕ್ಕೆ ಹೊರಟಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿವೆ, ಪುಂಡಿಪಲ್ಯ ಮುಚ್ಚಿಟ್ಟಿದ್ದೇನೆ. ಉಂಡ ಮೇಲೆ ಬಿ.ಪಿ. ಗುಳಿಗೆ ಮರೆಯಬೇಡಿ.

ನಾಲ್ಕಕ್ಕೆ ಗೋಗಿಯ ಅಯ್ಯಣ್ಣ ಬರುತ್ತಾನೆ. ವಾರ ಇಟ್ಟುಕೊಂಡು ನೋಡಿ ಎಂದು ಅವನು ಬಿಟ್ಟುಹೋದ ಎರಡು ನಾಯಿಮರಿಗಳಲ್ಲಿ ಒಂದನ್ನು ಇವತ್ತು ಹಿಂದಕ್ಕೆ ಕೊಡಬೇಕು. ಮುಧೋಳ ತಳಿಯದನ್ನು ಕೊಟ್ಟುಬಿಡಿ, ಬಿಳಿ ಪೊಮೇರಿಯನ್ ನಮಗಿರಲಿ.

ಸಿಟ್ಟಾಗಬೇಡಿ. "ಸಾಕಿದ್ರ ಮುಧೋಳ ಸಾಕಬೇಕು, ಪೊಮೇರಿಯನ್ ಅಂದ್ರ ಬರೇ ಹತ್ತಿ ಉಂಡಿ" ಎಂದು ನೀವು ಓಣಿ ತುಂಬ ಸಾರಿಕೊಂಡು ಬಂದದ್ದು ನನಗೂ ಗೊತ್ತು. ಮೂವತ್ತು ವರ್ಷ ಕಾಲುವೆ ನೀರನ್ನು ಪಾಳಿಯ ಮೇಲೆ ಬಿಟ್ಟವರು ನೀವು, ಮರಿಗಳಿಗೂ ಪಾಳಿ ಹಾಕಿದಿರಿ. ದಿನಕ್ಕೆ ಒಂದೇ ಮರಿ ಒಳಗೆ, ಇನ್ನೊಂದು ಕಟ್ಟೆಯ ಮೇಲೆ. ನಿನ್ನೆ ಮುಧೋಳದ ಪಾಳಿ. ಆದರೂ ಮಧ್ಯಾಹ್ನ ನಿಮ್ಮ ಮಡಿಲ ಟವೆಲ್ಲಿನೊಳಗಿಂದ ಬಿಳಿ ಬಾಲವೊಂದು ಅಲ್ಲಾಡುತ್ತಿತ್ತು. "ಸುಮ್ಮ ಕುಂದ್ರು, ನಮ್ಮಕಿ ನೋಡಿದ್ರ ಇಬ್ಬರಿಗೂ ಬೈತಾಳ" ಎಂದು ನೀವು ಅದರ ಕಿವಿಯಲ್ಲಿ ಹೇಳುತ್ತಿದ್ದಿರಿ. ಬೈಯಬೇಕೆಂದೇ ಬಂದಿದ್ದೆ. ನೋಡದವಳಂತೆ ಅಡುಗೆಮನೆಗೆ ಹೋದೆ.

ಮುಧೋಳಕ್ಕೆ ಓಡಾಡಲು ಅಯ್ಯಣ್ಣನ ಹೊಲವಿದೆ, ನಮ್ಮ ಅಂಗಳ ಅದಕ್ಕೆ ನಾಲ್ಕು ಹೆಜ್ಜೆಗೆ ಮುಗಿಯುತ್ತದೆ. ಬಿಳಿ ಮರಿ ಹೋದರೆ ನೀವು ನಾಲ್ಕು ದಿನ ಉಣ್ಣುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ.

ಚಹಾದಂಗಡಿಯಲ್ಲಿ ಯಾರಾದರೂ ನಕ್ಕರೆ, "ನಮ್ಮಕಿ ಹಟ ಹಿಡದಾಳ, ಏನ್ ಮಾಡೂದು" ಅನ್ನಿ. ಕೇಳಿದವರಿಗೆ ನಾನೂ ಅದನ್ನೇ ಹೇಳುತ್ತೇನೆ.

ಕಲ್ಯಾಣಮ್ಮ